ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ: ಕವನೆಂಟರ್ ಟ್ಯಾಂಕಿನ ಕಥೆ

ಜೀವವಿಜ್ಞಾನದವರಿಗೆ ಟ್ಯಾಂಕಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಇವತ್ತಿನ ವಿಷಯ ಶಾಖ. ಆ ತಾಪತ್ರಯ ಆನೆಗೂ ಇದೆ, ಎಂಜಿನ್‌ಗೂ ಇದೆ. ದೊಡ್ಡ ಮೈಯೊಳಗೆ ಹುಟ್ಟುವ ಬಿಸಿಯನ್ನು ಹೊರಗೆ ಹಾಕಲೇಬೇಕು. ಆನೆಗೆ ಅದಕ್ಕಾಗಿ ಅಗಲವಾದ, ತೆಳ್ಳಗಿನ ಕಿವಿಗಳಿವೆ: ಬಿಸಿ ರಕ್ತ ಅಲ್ಲಿಗೆ ಹರಿದು, ಗಾಳಿಗೆ ತಣಿದು ವಾಪಸ್ ಬರುತ್ತೆ. ಎಂಜಿನ್‌ನಲ್ಲಿ ರಕ್ತದ ಬದಲು ನೀರು, ಕಿವಿಯ ಬದಲು ರೇಡಿಯೇಟರ್.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ 'ಕಿವಿ'ಯನ್ನು ಎಲ್ಲಿಡುವುದು ಎಂಬಲ್ಲೇ ಎಡವಿದ ಬ್ರಿಟಿಷ್ ಟ್ಯಾಂಕು ಕವನೆಂಟರ್. ಅದರ ವಿನ್ಯಾಸ ಮಾಡಿದ್ದು ಒಂದು ರೈಲ್ವೆ ಕಂಪನಿ: ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ. ಟ್ಯಾಂಕು ತಗ್ಗಾಗಿದ್ದರೆ ಶತ್ರುವಿಗೆ ಗುರಿ ಹಿಡಿಯುವುದು ಕಷ್ಟ. ಅದಕ್ಕೇ ಸಿಲಿಂಡರುಗಳು ಅಡ್ಡ ಮಲಗಿರುವ 12 ಸಿಲಿಂಡರಿನ ಚಪ್ಪಟೆ ಮೆಡೋಸ್ ಎಂಜಿನ್ ಹಾಕಿದರು. ತಗ್ಗೇನೋ ಆಯ್ತು, ಆದರೆ ಅಗಲಕ್ಕೆ ಹರಡಿಕೊಂಡು ಪಕ್ಕದಲ್ಲಿ ರೇಡಿಯೇಟರಿಗೆ ಜಾಗವೇ ಉಳಿಯಲಿಲ್ಲ. ಅದನ್ನು ಒಯ್ದು ಟ್ಯಾಂಕಿನ ಮುಂಭಾಗದ ಎಡಗಡೆ, ಚಾಲಕನ ಪಕ್ಕದಲ್ಲಿ ಕೂರಿಸಿದರು. ಎಂಜಿನ್ ಇದ್ದದ್ದು ಹಿಂದುಗಡೆ! ಬಿಸಿನೀರಿನ ಕೊಳವೆಗಳು ನಾಲ್ಕು ಜನ ಕೂರುವ ಜಾಗದ ಮೂಲಕವೇ ಹಾದುಹೋದವು. ಎಂಜಿನ್ ಕಾದುಹೋಗುತ್ತಿತ್ತು, ಒಳಗಿದ್ದವರೂ ಬೇಯುತ್ತಿದ್ದರು.

ನಮ್ಮನ್ನು ಹೆಚ್ಚು ಕಾಡೋದು ಬೇರೆ ಸಂಗತಿ. ವಿಕಾಸದಲ್ಲಿ ಪ್ರತಿ ತಲೆಮಾರೂ ಬದುಕಿ ತೋರಿಸಿದ ಮೇಲೆಯೇ ಮುಂದಿನದು. ಇಲ್ಲಿ 1939ರಲ್ಲಿ, ಮಾದರಿ ಟ್ಯಾಂಕನ್ನು ಓಡಿಸಿ ನೋಡುವ ಮೊದಲೇ, ನಕ್ಷೆ ನೋಡಿಯೇ ಆರ್ಡರ್ ಕೊಟ್ಟಿದ್ದರು. ಯುದ್ಧ ಬಾಗಿಲಿಗೆ ಬಂದಿತ್ತು, ಆ ಅವಸರ ಅರ್ಥವಾಗುತ್ತೆ. ದೋಷ ಕಾಣಿಸುವ ಹೊತ್ತಿಗೆ ಕಾರ್ಖಾನೆಗಳು ನಿಲ್ಲಿಸಲಾಗದಷ್ಟು ಮುಂದೆ ಹೋಗಿದ್ದವು. ತಣಿಸುವ ವ್ಯವಸ್ಥೆಯನ್ನು ಮತ್ತೆ ಮತ್ತೆ ತಿದ್ದಿ ನಾಲ್ಕು ಆವೃತ್ತಿ ತಂದರು, ಒಟ್ಟು 1,771 ಟ್ಯಾಂಕು ಕಟ್ಟಿದರು. ರೇಡಿಯೇಟರಿನ ಜಾಗ ಮಾತ್ರ ಬದಲಾಗಲಿಲ್ಲ. ಬದಲಿಸಬೇಕಾದರೆ ಇಡೀ ಟ್ಯಾಂಕನ್ನೇ ಹೊಸದಾಗಿ ಬರೆಯಬೇಕಿತ್ತು.

ಅದರ ಸೋದರ ಕ್ರುಸೇಡರ್ ಉತ್ತರ ಆಫ್ರಿಕಾದ ಮರುಭೂಮಿಗೆ ಹೋಗಿ ಕಾದಾಡಿತು. ಕವನೆಂಟರ್ ಬ್ರಿಟನ್ನಿನಲ್ಲೇ ಉಳಿಯಿತು. ದಂಡ ಅಂತ ನಾವು ಪೂರ್ತಿ ತಳ್ಳಿಹಾಕಲ್ಲ: 1940ರಲ್ಲಿ ಸೇನೆ ತನ್ನ ಬಹುಪಾಲು ಟ್ಯಾಂಕುಗಳನ್ನು ಫ್ರಾನ್ಸಿನಲ್ಲೇ ಬಿಟ್ಟುಬಂದಿತ್ತು, ತರಬೇತಿಗೆ ಏನಾದರೂ ಬೇಕಿತ್ತು. ಪೋಲೆಂಡಿನ ಒಂದನೇ ಶಸ್ತ್ರಸಜ್ಜಿತ ಡಿವಿಷನ್ನಿನವರೂ ಇದರಲ್ಲೇ ಕಲಿತರು. ಸೇತುವೆ ಹೊತ್ತು ಹಾಸುವ ರೂಪದಲ್ಲಿ ಕೆಲವು ಆಸ್ಟ್ರೇಲಿಯಾ ಸೇನೆಯ ಜೊತೆ ಬೂಗನ್‌ವಿಲ್ ದ್ವೀಪದವರೆಗೂ ಹೋದವು.

ಸರ್ರೆಯ ಹೊಲವೊಂದರಲ್ಲಿ ಹೂತಿದ್ದ ಕವನೆಂಟರ್ ಈಗ ಡಾರ್ಸೆಟ್‌ನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿದೆ. ಅತ್ತ ಹೋದರೆ ಅದರ ಮೂತಿಯ ಮೇಲಿನ ಜಾಲರಿ ನೋಡಿ, ಕಿವಿ ಅಲ್ಲೇ ಇದೆ.