ಏರಿಯಿಲ್ಲದ ಕೆರೆಯ ದಡದಲ್ಲಿ ಒಂದು ಮೀನೂಟ

ಬಯಲುಸೀಮೆಯಿಂದ ಬಂದ ನೆಂಟರಿಗೆ ಕಡಲು ತೋರಿಸಿ, ಒಳ್ಳೆಯ ಮೀನಿನ ಊಟ ಹಾಕಿಸಿ ಕಳುಹಿಸುವುದು ನಮ್ಮ ಕರಾವಳಿಯವರ ಹಳೆಯ ಪದ್ಧತಿ. ಕಳೆದ ಡಿಸೆಂಬರಿನಲ್ಲಿ ಮನೆಗೆ ಬಂದ ಅತಿಥಿಗಳಿಗೂ ನಾವು ಅದನ್ನೇ ಮಾಡಿದೆವು. ಬಂದವರು ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು. ಒಂದು ಸಂಸಾರ ರಾಯದುರ್ಗದ್ದು, ಇನ್ನೊಂದು ಮಡಕಶಿರಾದ್ದು. ಪರಸ್ಪರ ಬೀಗರಾದ ಈ ಎರಡು ಮನೆಯವರು ಧರ್ಮಸ್ಥಳ, ಸುಬ್ರಹ್ಮಣ್ಯಗಳ ಯಾತ್ರೆ ಮುಗಿಸಿ, ಹಳೆಯ ಪರಿಚಯದ ಸಲಿಗೆಯಿಂದ ಎರಡು ದಿನ ನಮ್ಮಲ್ಲಿ ತಂಗಿದ್ದರು.

ನಮ್ಮ ಓದುಗರಿಗೆ ಆ ಊರುಗಳ ಹೆಸರು ತಿಳಿದಿದ್ದರೂ ಕತೆ ತಿಳಿದಿರಲಾರದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯದಲ್ಲೇ ಉಳಿದವು. ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಕೂಡ ಅದೇ ಜಿಲ್ಲೆಯಲ್ಲಿದ್ದು, 2022ರಲ್ಲಿ ಹೊಸದಾಗಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಅದರ ಪಕ್ಕದಲ್ಲೇ ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿಗಳಿವೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಮೂರು ವರ್ಷ ಮುಂಚೆ ಅವರಿಗಾದದ್ದು ಮೂರು ವರ್ಷ ತರುವಾಯ ನಮಗಾಯಿತು, ಅಷ್ಟೇ.

ಕಡಲ ದಡದಲ್ಲಿ

ಬೆಳಿಗ್ಗೆ ಏಳಕ್ಕೆಲ್ಲ ಮನೆ ಬಿಟ್ಟು, ದೋಣಿಗಳು ದಡ ಸೇರುವ ಹೊತ್ತಿಗೆ ಕಡಪ್ಪುರ ತಲುಪಿದೆವು. ಮಡಕಶಿರಾದ ಅವ್ವನಿಗೆ ಎಪ್ಪತ್ತು ದಾಟಿದೆ. ಕಡಲನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನೋಡಿ, "ಅಯ್ಯಪ್ಪಾ, ಇದ್ಯಾವ್ ಕೆರೆನಪ್ಪಾ, ಏರಿನೇ ಇಲ್ದಂಗೆ ನಿಂತೈತೆ!" ಎಂದರು.

ನಮಗೆ ನಗು ಬಂತು. ಆದರೆ ಅವ್ವನ ಮಾತಿನಲ್ಲಿ ನಗುವುದಕ್ಕಿಂತ ಯೋಚಿಸುವುದು ಹೆಚ್ಚಿತ್ತು. ಅನಂತಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲ್ಲಿಮೀಟರು. ನಮ್ಮ ಜಿಲ್ಲೆಯಲ್ಲಿ ಅದು 3,000 ದಾಟುತ್ತದೆ. ನೀರೆಂದರೆ ಏರಿ ಕಟ್ಟಿ ಕಾಪಾಡಬೇಕಾದ ವಸ್ತು ಎಂದೇ ಬದುಕಿದವರಿಗೆ, ಯಾರೂ ತಡೆದು ನಿಲ್ಲಿಸದೆ ನಿಂತಿರುವ ನೀರು ಸೋಜಿಗವಲ್ಲದೆ ಇನ್ನೇನು?

ರಾಯದುರ್ಗದ ಯಜಮಾನರು ತಮ್ಮ ಕಡೆಯ ಮೀನಿನ ವಿಚಾರ ಹೇಳಿದರು. ವೇದಾವತಿ ನದಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟಿನಲ್ಲಿ ನೀರಿದ್ದರೆ ಮೀನುಂಟು. ಬೇಸಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಊರಿಗೆ ಊರೇ ಕೆಸರಿಗಿಳಿದು ಮೀನು ಹಿಡಿಯುವುದುಂಟು. "ನಮ್ಮಲ್ಲಿ ನೀರು ಸೋತ್ರೆ ಮೀನು, ನಿಮ್ಮಲ್ಲಿ ಕಡಲು ಸುಮ್ಮನಿದ್ರೆ ಮೀನು" ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಕಡಲು ಸುಮ್ಮನಿದ್ದರೂ ಮೀನು ಸಿಗದ ಕಾಲ ಬಂದಿದೆಯೆಂದು ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ತಿದ್ದಿದರು. ಅವರದು ಬರಿಯ ಗೊಣಗಾಟವಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ, 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಕಡಲ ನೀರಿನ ಬಿಸಿಯಲ್ಲಾಗುವ ಏರುಪೇರು ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಅನಂತರದ ವರ್ಷಗಳಲ್ಲಿ ಪರಿಸ್ಥಿತಿ ಚೇತರಿಸಿದೆ. ಮೀನು ಮರಿಮಾಡುವ ಕಾಲಕ್ಕೆಂದು ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧವಿದೆ. ಈಗ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಆದುದರಿಂದ ನೆಂಟರನ್ನು ಮೀನೂಟಕ್ಕೆ ಕರೆಯುವವರು ಆ ದಿನಗಳನ್ನು ಬಿಟ್ಟು ಕರೆಯುವುದು ಲೇಸು.

ಕರಿಮೀನಿನ ಪೇಚು

ಅಲ್ಲಿಂದ ಚಂದ್ರಗಿರಿ ಹೊಳೆ ದಾಟಿ ಬೇಕಲಕ್ಕೆ ಬಂದೆವು. ಕೆಳದಿಯ ಶಿವಪ್ಪನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯನ್ನು ರಾಯದುರ್ಗದವರು ಬಹಳ ಆಸಕ್ತಿಯಿಂದ ನೋಡಿದರು. ಬೆಟ್ಟದ ಮೇಲೆ ಕೋಟೆಯಿರುವ ಊರಿನವರಲ್ಲವೆ! ಬುರುಜುಗಳನ್ನೆಲ್ಲ ಹತ್ತಿ ಇಳಿಯುವಾಗ ಹೊಟ್ಟೆ ತಾಳ ಹಾಕತೊಡಗಿತ್ತು. ಕಡಲಿಗೆ ಮುಖ ಮಾಡಿದ, ಹಂಚು ಹೊದೆಸಿದ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು.

ಗೋಡೆಯ ಬೋರ್ಡಿನಲ್ಲಿ ಆ ದಿನದ ಮೀನುಗಳ ಹೆಸರುಗಳಿದ್ದವು, ಮಲಯಾಳದಲ್ಲಿ. ನೆಂಟರು ನಮ್ಮ ಮುಖ ನೋಡಿದರು. ರಾಯದುರ್ಗದ ಹುಡುಗಿ ಎಂಟನೆಯ ತರಗತಿ, ತೆಲುಗು ಮಾಧ್ಯಮ. "ನಮ್ಮೂರ ಬೋರ್ಡೆಲ್ಲ ತೆಲುಗೇ ಮಾವ, ಆದ್ರೆ ಕನ್ನಡದ ಥರಾನೇ ಇರ್ತೈತೆ. ಇದು ಒಂದಕ್ಷರಾನೂ ಹತ್ತಂಗಿಲ್ಲ" ಎಂದಳು. ಅವಳು ಹೇಳಿದ್ದು ನಿಜ. ಕನ್ನಡಕ್ಕೂ ತೆಲುಗಿಗೂ ಲಿಪಿ ಒಂದೇ ಬೇರಿನದು. ಒಂದನ್ನು ಬಲ್ಲವರು ಇನ್ನೊಂದನ್ನು ಹೇಗೋ ಕೂಡಿಸಿ ಓದಬಲ್ಲರು. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ.

ಬೋರ್ಡನ್ನು ಓದಿ ಹೇಳುವ ಕೆಲಸ ನಮ್ಮ ಕಿರಿಯ ಮಗನದಾಯಿತು. ಅವನು ಪಟಪಟನೆ ಓದಿದ: ಅಯಲ, ಮತ್ತಿ, ಅಯ್ಕೂರ, ಆವೋಲಿ, ಚೆಮ್ಮೀನ್, ಕರಿಮೀನ್. ಕೊನೆಯ ಹೆಸರು ಕೇಳಿದ್ದೇ ತಡ, ಮಡಕಶಿರಾದ ಅವ್ವ ಕೈಯಾಡಿಸಿಬಿಟ್ಟರು. "ಬ್ಯಾಡ ಕಣಪ್ಪಾ, ಇಷ್ಟು ದೂರ ಬಂದು ಕರಿಮೀನು ತಿನ್ನಾದಾ? ನಮ್ಮ ಸಂತೇಲೇ ಬೇಕಾದಷ್ಟು ಸಿಗ್ತೈತೆ!"

ವಿಚಾರಿಸಿದಾಗ ತಿಳಿಯಿತು. ಅವರ ಕಡೆ ಕರಿಮೀನು ಎಂದರೆ ಒಣಮೀನು. ಕೇರಳದಲ್ಲಿ ಕರಿಮೀನ್ ಎಂದರೆ ಹಿನ್ನೀರಿನಲ್ಲಿ ಬೆಳೆಯುವ ಚಪ್ಪಟೆಯಾದ ತಾಜಾ ಮೀನು; 2010ರಿಂದ ಅದು ಆ ರಾಜ್ಯದ ಮೀನೆಂಬ ಗೌರವಕ್ಕೂ ಪಾತ್ರವಾಗಿದೆ. ಅವ್ವ ಕಡಲನ್ನು ಕಂಡದ್ದು ಅಂದು ಮೊದಲಾದರೂ ಅದರ ರುಚಿ ಕಂಡದ್ದು ಬಾಲ್ಯದಲ್ಲೇ, ಸಂತೆಗೆ ಬರುವ ಒಣಮೀನಿನ ರೂಪದಲ್ಲಿ.

ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗುಡೆ ಸಾರು, ಹುರಿದ ಅಂಜಲ್ ತುಂಡು ಬಂದವು. ಅಂಜಲನ್ನು ನೋಡಿ ರಾಯದುರ್ಗದ ಹುಡುಗಿ "ಇದು ವಂಜರಂ ಅಲ್ವಾ?" ಎಂದಳು. ಒಂದೇ ಮೀನಿಗೆ ಒಂದೇ ಮೇಜಿನಲ್ಲಿ ಮೂರು ಹೆಸರಾಯಿತು: ಅಯ್ಕೂರ, ಅಂಜಲ್, ವಂಜರಂ. ಯಜಮಾನರು ಸಾರನ್ನು ಮೆಚ್ಚಿ, ಜತೆಗೆ ಜೋಳದ ರೊಟ್ಟಿಯಿಲ್ಲವೆಂದು ಪೇಚಾಡಿದರು. ಅವ್ವನಿಗೆ ಮುದ್ದೆಯ ಚಿಂತೆ. ಕೆರೆಮೀನಿನ ಸಣ್ಣ ಮುಳ್ಳುಗಳಲ್ಲಿ ಪಳಗಿದ ಅವರ ಬೆರಳುಗಳು ಬಂಗುಡೆಯ ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದು ಎಲೆಯ ಅಂಚಿಗಿಟ್ಟದ್ದನ್ನು ನೋಡಿ, ಕಡಲ ಬದಿಯ ನಾವೇ ನಾಚಬೇಕಾಯಿತು.

ನಾಚಿಕೆಯ ಇನ್ನೊಂದು ಕಾರಣ

ನಿಜವಾಗಿ ನಾಚಿದ್ದು ಅದರ ಮರುಗಳಿಗೆಯಲ್ಲಿ. ಎಲೆಯ ಮೇಲಿನ ಬಂಗುಡೆಯನ್ನು ತೋರಿಸಿ ಅವ್ವ ನಮ್ಮ ಮಗನನ್ನು ಕೇಳಿದರು: "ಇದಕ್ಕೆ ಕನ್ನಡದಾಗೆ ಏನಂತಾರೆ ಮಗಾ?"

ಅವನು ಬೋರ್ಡಿನ ಕಡೆ ನೋಡಿ "ಅಯಲ" ಎಂದ.

"ಅದು ಮಲಯಾಳ. ಕನ್ನಡದಲ್ಲಿ?" ಎಂದೆವು ನಾವು. ಅವನಿಗೆ ಬರಲಿಲ್ಲ. ವಾರಕ್ಕೆ ಮೂರು ದಿನ ಆ ಮೀನನ್ನು ತಿಂದು ಬೆಳೆದವನು! ತಪ್ಪು ಅವನದಲ್ಲ. ಮೀನು ತರುವುದು ನಾವು, ಅಡಿಗೆ ಮಾಡುವುದು ನಾವು. ಅವನು ಪಾಠ ಓದುವಾಗ ತಟ್ಟೆ ಮುಂದಿಟ್ಟು "ಬೇಗ ತಿನ್ನು" ಎಂದಿದ್ದೇವೆಯೇ ಹೊರತು "ಇದು ಬಂಗುಡೆ, ಇದು ಭೂತಾಯಿ, ಇದು ಕಾಣೆ, ಇದು ಮಾಂಜಿ" ಎಂದು ಹೇಳಿಕೊಟ್ಟ ನೆನಪಿಲ್ಲ. ಕಚೇರಿಗಳಲ್ಲಿ ಕನ್ನಡದ ಫಾರಂ ಬೇಕು, ಬಸ್ಸಿಗೆ ಕನ್ನಡದ ಬೋರ್ಡು ಬೇಕು ಎಂದು ಮನವಿ ಸಲ್ಲಿಸಿದವರು ನಾವು. ಅವು ಬೇಕೇ ಬೇಕು. ಆದರೆ ಅಡಿಗೆಮನೆಗೆ ಯಾವ ಸರಕಾರ ಬಂದು ಬೋರ್ಡು ಹಾಕೀತು?

ರಾಯದುರ್ಗದ ಹುಡುಗಿ ಚೀಲದಿಂದ ನೋಟುಪುಸ್ತಕ ತೆಗೆದು ಮೀನುಗಳ ಹೆಸರು ಹೇಳಿರೆಂದಳು. ನಾವು ಒಂದೊಂದಾಗಿ ಹೇಳಿದೆವು. ಅವಳು ಕನ್ನಡದಲ್ಲೇ ಬರೆದುಕೊಂಡಳು. ಶಾಲೆಯಲ್ಲಿ ಕಲಿಸದ ಕನ್ನಡ, ತಾಯಿ ಕಲಿಸಿದ್ದು. ಕೆಲವು ಅಕ್ಷರಗಳ ತಲೆಕಟ್ಟು ತೆಲುಗಿನ ಹಾಗೆ ಓರೆಯಾಗಿ ಮೇಲೆದ್ದಿತ್ತು. ಆದರೆ ತಪ್ಪಿರಲಿಲ್ಲ. ನಮ್ಮ ಮಗ ಕೈ ತೊಳೆದು ಬಂದು ಅವಳ ಪಕ್ಕದಲ್ಲಿ ಕುಳಿತು, ಆ ಪಟ್ಟಿಯನ್ನು ಒಂದು ಸಲ ಮೆಲ್ಲಗೆ ಓದಿದ.

ನೆಂಟರು ಮರುದಿನ ಹೊರಟರು. ಬುತ್ತಿಯ ಜತೆ ಅವ್ವನಿಗೆ ಒಂದು ಕಟ್ಟು ಒಣಗಿದ ಸಿಗಡಿ ಕೊಟ್ಟೆವು, ಅವರ ಭಾಷೆಯಲ್ಲಿ ಕರಿಮೀನು.

ಮುಂದಿನ ಭಾನುವಾರ ಕುಂಬಳೆಯ ಮೀನು ಮಾರುಕಟ್ಟೆಗೆ ಮಗನನ್ನು ಕರೆದುಕೊಂಡು ಹೋದೆವು. ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು ಎಂದು ತೋರಿಸಿಕೊಟ್ಟೆವು. ಅವನು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ತುಸು ಸಂಕೋಚದಿಂದಲೇ, "ಬಂಗುಡೆಗೆ ಎಷ್ಟು?" ಎಂದು ಕೇಳಿದ. ಅಯಲ ಎಂದರೂ ಬಂಗುಡೆ ಎಂದರೂ ಕ್ರಯ ಒಂದೇ ಮಗಾ ಎಂದು ಮಾರುವಾಕೆ ತುಳುವಿನಲ್ಲಿ ಹೇಳಿ ನಕ್ಕಳು.

ಕ್ರಯ ಒಂದೇ ಇರಲಿ. ನಮಗೆ ಬೇಕಾದದ್ದು ಕಡಿಮೆ ಕ್ರಯವಲ್ಲ. ಅವನ ಬಾಯಲ್ಲಿ ಆ ಹೆಸರು ಕೇಳಬೇಕಿತ್ತು, ಕೇಳಿದೆವು. ಎರಡು ಕಿಲೋ ಬಂಗುಡೆ ಕೊಂಡು ಮನೆಗೆ ಬಂದೆವು.