ಹೆಸರು ಕೂಗುವ ಮುನ್ನ

ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಎಂಬಿಬಿಎಸ್ ಪಠ್ಯಕ್ರಮ ಹೊರಡಿಸಿತು. ನ್ಯಾಯವೈದ್ಯಶಾಸ್ತ್ರದ ಭಾಗದಲ್ಲಿ ಸಲಿಂಗ ಸಂಬಂಧ ಮತ್ತೆ ‘ಅಸಹಜ ಲೈಂಗಿಕ ಅಪರಾಧ’ಗಳ ಸಾಲಿಗೆ ಸೇರಿತ್ತು. ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಎಚ್ಚರಿಸಿದ ಮೇಲೆ, ಇಂಥ ಮಾತು ಪುಸ್ತಕಗಳಲ್ಲಿ ಇರಬಾರದೆಂದು ಸೂಚಿಸಿದ್ದೂ ಇದೇ ಆಯೋಗ. ಆಕ್ಷೇಪಗಳು ಎದ್ದ ಮೇಲೆ ಸೆಪ್ಟೆಂಬರ್ ಮೊದಲ ವಾರ ಆ ಪಠ್ಯಕ್ರಮವನ್ನು ಹಿಂಪಡೆಯಲಾಯಿತು. ಆದರೆ ಹೊರಡಿಸುವವರೆಗೆ ಆಯೋಗದಲ್ಲಿ ಯಾರ ಕಣ್ಣಿಗೂ ಅದು ತಪ್ಪೆನಿಸಲಿಲ್ಲವಲ್ಲ, ನನ್ನನ್ನು ಕಾಡುವುದು ಅದು.

ತರಗತಿಯಲ್ಲಿ ಕಲಿತದ್ದೇ ಒಪಿಡಿಯಲ್ಲಿ ಮಾತಾಗುತ್ತದೆ. ಚೀಟಿ ಕೌಂಟರಿನಲ್ಲಿ ಗಂಡೋ ಹೆಣ್ಣೋ ಎಂಬ ಪ್ರಶ್ನೆ. ಹೆಸರು ಬದಲಿಸಿಕೊಂಡವರ ಆಧಾರ್‌ನಲ್ಲಿರುವ ಹಳೆಯ ಹೆಸರನ್ನು ಸಾಲಿನಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುವುದು. ಎದುರಿಗಿರುವವರು ಲಿಂಗತ್ವ ಅಲ್ಪಸಂಖ್ಯಾತರೆಂದು ತಿಳಿದೊಡನೆ ‘ನೀವು’ ಹೋಗಿ ‘ನೀನು’ ಬರುವುದು. ಇಷ್ಟಾದ ಮೇಲೆ ಆ ರೋಗಿ ಇನ್ನೊಮ್ಮೆ ಬರುವುದು ಕಾಯಿಲೆ ಕೈಮೀರಿದಾಗಲೇ.

ಒಳಗೆ ಡಾಕ್ಟರ ಮೊದಲ ಪ್ರಶ್ನೆ: “ಮದುವೆ ಆಗಿದೆಯಾ?” ಲೈಂಗಿಕ ಆರೋಗ್ಯದ ಬಗ್ಗೆ ಕೇಳಲು ನಾವು ಕಂಡುಕೊಂಡ ಮರ್ಯಾದೆಯ ದಾರಿ ಇದು. ಆದರೆ ಹೆಣ್ಣೊಬ್ಬಳನ್ನು ಪ್ರೀತಿಸುವ ಹೆಣ್ಣು ಇದಕ್ಕೆ ಏನೆಂದು ಉತ್ತರಿಸಬೇಕು? ‘ಇಲ್ಲ’ ಎಂದರೆ ಅಗತ್ಯವಾದ ತಪಾಸಣೆ ಅಲ್ಲಿಗೇ ನಿಂತುಹೋಗಬಹುದು. “ಸಂಗಾತಿ ಇದ್ದಾರಾ?” ಎಂದು ಕೇಳಿದರೆ ಬಾಯಿ ಬಿಡಲು ಜಾಗ ಸಿಗುತ್ತದೆ. ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ವ್ಯಕ್ತಿಗೆ ಗರ್ಭಕೋಶ ಇನ್ನೂ ಇದ್ದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು. ಟ್ರಾನ್ಸ್ ಮಹಿಳೆಗೆ ಶಸ್ತ್ರಚಿಕಿತ್ಸೆಯ ನಂತರವೂ ಪ್ರಾಸ್ಟೇಟ್ ಸಾಮಾನ್ಯವಾಗಿ ಉಳಿದಿರುತ್ತದೆ. ಈಸ್ಟ್ರೋಜೆನ್ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು; ಟೆಸ್ಟೋಸ್ಟೆರಾನ್ ಹಿಮೋಗ್ಲೋಬಿನ್ ಏರಿಸುತ್ತದೆ. ರೋಗಿ ಹೆದರಿ ಮುಚ್ಚಿಟ್ಟರೆ ಇದೊಂದೂ ವೈದ್ಯರಿಗೆ ತಿಳಿಯುವುದಿಲ್ಲ. ಹಾಗಾಗಿ ಮಾತಿನ ನಯವೂ ಚಿಕಿತ್ಸೆಯ ಒಂದು ಭಾಗವೇ.

ಈ ವಿಷಯದಲ್ಲಿ ಕನ್ನಡ ನಮಗೆ ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ. ‘ಅವರು ಬಂದಿದ್ದಾರೆ’ ಎಂದರೆ ಬಂದವರು ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ, ಗೌರವಕ್ಕೂ ಕೊರತೆಯಿಲ್ಲ. ಹೊಸ ಪದ ಹುಡುಕಬೇಕಿಲ್ಲ, ಬಹುವಚನ ಬಿಡದಿದ್ದರೆ ಸಾಕು. ಯಾರನ್ನು ಏನೆಂದು ಕರೆಯಬೇಕೆಂದು ತಿಳಿಯದಿದ್ದರೆ, “ನಿಮ್ಮನ್ನು ಹೇಗೆ ಕರೆಯಲಿ?” ಎಂದು ಕೇಳಬಹುದು.

ಕಾನೂನೂ ಮೌನವಾಗಿಲ್ಲ. ಲಿಂಗ ಅಥವಾ ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡದೆ ಮಾನಸಿಕ ಚಿಕಿತ್ಸೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್, ವೈದ್ಯಕೀಯ ಪಠ್ಯಕ್ರಮವನ್ನು ಮರುಪರಿಶೀಲಿಸಬೇಕೆಂದೇ ವಿಧಿಸಿತು. ಕಾಯ್ದೆ ಬಂದು ನಾಲ್ಕು ವರ್ಷ ಕಳೆದ ಮೇಲೂ 2024ರ ಆ ಪಠ್ಯಕ್ರಮ ಹೊರಬಿದ್ದದ್ದು ಅಕ್ಷಮ್ಯ.

ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಆಡಳಿತದವರಲ್ಲಿ ನನ್ನ ಕೋರಿಕೆ ಇಷ್ಟೇ: ಚೀಟಿಯಲ್ಲಿ ‘ಕರೆಯಬೇಕಾದ ಹೆಸರು’ ಎಂಬ ಒಂದು ಸಾಲು ಸೇರಿಸಿ. ತರಬೇತಿಯನ್ನು ವೈದ್ಯರಿಗಿಂತ ಮೊದಲು ಕೌಂಟರಿನ ಸಿಬ್ಬಂದಿಗೆ, ಸೆಕ್ಯುರಿಟಿಯವರಿಗೆ, ಆಯಾಗಳಿಗೆ ಕೊಡಿ.