ಆಟಗಾರ ಮಕ್ಕಳಿರುವ ಮನೆಯ ಮದ್ದಿನ ಡಬ್ಬ

ಮಕ್ಕಳಿಗೆ ಕೆಮ್ಮು ಬಂದರೆ ನಾವೇನು ಮಾಡುತ್ತೇವೆ? ಹತ್ತಿರದ ಮೆಡಿಕಲ್ ಶಾಪಿನಿಂದ ಒಂದು ಸಿರಪ್ ತರುತ್ತೇವೆ. ಇಲ್ಲವೇ ಕಳೆದ ಸಲ ಅಣ್ಣನಿಗೆ ತಂದು ಉಳಿದಿದ್ದ ಬಾಟಲಿಯಿಂದ ಎರಡು ಚಮಚ ಕುಡಿಸುತ್ತೇವೆ. ಆದರೆ ಮಗ ಕ್ರಿಕೆಟ್, ಕಬಡ್ಡಿ ಅಥವಾ ಅಥ್ಲೆಟಿಕ್ಸ್‌ನಲ್ಲಿ ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವವನಾದರೆ ಆ ಎರಡು ಚಮಚ ಅವನ ಆಟವನ್ನೇ ನಿಲ್ಲಿಸಬಹುದು.

ಹೀಗೆ ಆದದ್ದೂ ಇದೆ. ಭಾರತ ತಂಡದಲ್ಲಿ ಆಡಿದ್ದ ಯೂಸುಫ್ ಪಠಾಣ್ ಅವರ ಮೂತ್ರದ ಮಾದರಿಯಲ್ಲಿ 2017ರಲ್ಲಿ ಟರ್ಬುಟಾಲಿನ್ ಎಂಬ ಅಂಶ ಪತ್ತೆಯಾಯಿತು. ಅದು ಕಫ ಕರಗಿಸುವ ಹಲವು ಸಿರಪ್‌ಗಳಲ್ಲಿ ಇರುವ, ಶ್ವಾಸನಾಳವನ್ನು ಸಡಿಲಿಸುವ ಔಷಧಿ. ಅವರು ಬೇಕೆಂದೇ ಸೇವಿಸಿದ್ದಲ್ಲ, ಕೆಮ್ಮಿನ ಮದ್ದಿನ ಮೂಲಕ ಒಳಗೆ ಹೋಗಿದೆ ಎಂಬುದನ್ನು ಕ್ರಿಕೆಟ್ ಮಂಡಳಿ ಒಪ್ಪಿತು. ಆದರೂ ಐದು ತಿಂಗಳ ನಿಷೇಧ ತಪ್ಪಲಿಲ್ಲ. 2019ರಲ್ಲಿ ಅದೇ ಟರ್ಬುಟಾಲಿನ್‌ನಿಂದ ಯುವ ಆಟಗಾರ ಪೃಥ್ವಿ ಶಾ ಎಂಟು ತಿಂಗಳು ಹೊರಗುಳಿದರು. ಅವರದೂ ಕೆಮ್ಮಿನ ಸಿರಪ್ಪೇ.

ಬೇಕೆಂದು ಮಾಡಿಲ್ಲ ಎಂದ ಮೇಲೂ ಶಿಕ್ಷೆ ಏಕೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮನೆಯಲ್ಲಿ ಎಲ್ಲಿ ಎಚ್ಚರ ಬೇಕು ಎಂಬುದೂ ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಉದ್ದೀಪನ ಮದ್ದಿನ ವಿರುದ್ಧ ಜಗತ್ತಿಗೆಲ್ಲ ಒಂದೇ ನಿಯಮಾವಳಿ ರೂಪಿಸುವ ಸಂಸ್ಥೆ ವಾಡಾ. ಅದು 1999ರಲ್ಲಿ ಸ್ಥಾಪನೆಯಾಯಿತು. ನಿಷೇಧಿತ ವಸ್ತುಗಳ ಪಟ್ಟಿಯನ್ನು ಪ್ರತಿವರ್ಷ ಪರಿಷ್ಕರಿಸುತ್ತದೆ, ಹೊಸ ಪಟ್ಟಿ ಜನವರಿ 1ರಿಂದ ಜಾರಿಗೆ ಬರುತ್ತದೆ. ನಮ್ಮ ದೇಶದಲ್ಲಿ ಪರೀಕ್ಷೆ ನಡೆಸುವುದು ನಾಡಾ. 2022ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ತಪ್ಪಿತಸ್ಥರನ್ನು ಜೈಲಿಗೆ ಹಾಕುವ ಕಾಯ್ದೆ ಇದಲ್ಲ. ಆದರೆ ಪದಕ, ಅಂಕ, ಬಹುಮಾನ ವಾಪಸ್ ಹೋಗುತ್ತವೆ. ವರ್ಷಗಟ್ಟಲೆ ಆಟದಿಂದ ನಿಷೇಧವಾಗುತ್ತದೆ, ದಂಡವೂ ಬೀಳಬಹುದು.

ಈ ನಿಯಮದ ಬುನಾದಿ ಒಂದೇ ಮಾತು: ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಯಾರು ಕೊಟ್ಟರು, ಏಕೆ ಕೊಟ್ಟರು, ಗೊತ್ತಿತ್ತೇ ಇಲ್ಲವೇ ಎಂಬುದೆಲ್ಲ ಆಮೇಲಿನ ಮಾತು. ನಿಷೇಧಿತ ವಸ್ತು ಮಾದರಿಯಲ್ಲಿ ಇದ್ದರೆ ಉಲ್ಲಂಘನೆ ಆದಂತೆ. ಉದ್ದೇಶ ಇರಲಿಲ್ಲ ಎಂದು ತೋರಿಸಿದರೆ ಶಿಕ್ಷೆಯ ಅವಧಿ ಕಡಿಮೆಯಾಗಬಹುದು, ಅಷ್ಟೆ. ಕೇಳಲು ಇದು ಕಠೋರ ಎನಿಸುತ್ತದೆ. ಆದರೆ "ನನಗೆ ಗೊತ್ತಿರಲಿಲ್ಲ" ಎಂಬ ಒಂದು ಮಾತಿಗೆ ಎಲ್ಲರನ್ನೂ ಬಿಡುವುದಾದರೆ, ಶ್ರಮಪಟ್ಟು ಓಡಿದವರಿಗೆ ಅನ್ಯಾಯವಾಗುತ್ತದೆ.

"ನೈಸರ್ಗಿಕ" ಎಂದರೆ ನಿರಪಾಯವೇ?

ನಾನು ಯುನಾನಿ ವೈದ್ಯ. ನಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಹೇಳುವ ಮಾತು, "ಇದು ಗಿಡಮೂಲಿಕೆಯಲ್ಲವೇ, ಇದರಿಂದ ಏನೂ ಆಗುವುದಿಲ್ಲ ಅಲ್ಲವೇ?" ಆಟಗಾರರ ವಿಷಯದಲ್ಲಿ ಈ ನಂಬಿಕೆ ದೊಡ್ಡ ಅಪಾಯ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಹಿ ಉದಾಹರಣೆಯಿದೆ.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಜೊತೆಗೆ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ತಂದರು. ಮರುವರ್ಷ, 2011ರಲ್ಲಿ, ಅವರೂ ಇನ್ನು ಕೆಲವು ಓಟಗಾರ್ತಿಯರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಶ್ವಿನಿ ಅವರ ಮಾದರಿಯಲ್ಲಿ ಕಂಡದ್ದು ಮೆಥಾಂಡಿನೋನ್ ಎಂಬ ಸ್ಟೆರಾಯ್ಡ್. ವಿದೇಶಿ ಕೋಚ್ ಚೀನಾದಲ್ಲಿ ಕೊಂಡು ತಂದಿದ್ದ ಜಿನ್ಸೆಂಗ್‌ನಿಂದ ಇದು ಬಂದಿದೆ ಎಂಬುದು ಅವರ ವಾದವಾಗಿತ್ತು. ಜಿನ್ಸೆಂಗ್ ಒಂದು ಬೇರು, ಅದು ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಸಮಸ್ಯೆ ಇದ್ದದ್ದು ಆ ಬೇರಿನ ಹೆಸರಿನಲ್ಲಿ ಬಂದ ಉತ್ಪನ್ನದಲ್ಲಿ ಬೆರೆತಿದ್ದ ಸ್ಟೆರಾಯ್ಡ್‌ನಲ್ಲಿ.

ನಾಡಾದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಇದು ಸಾಲದೆಂದು ಮೇಲ್ಮನವಿ ಸಲ್ಲಿಸಿತು. 2012ರ ಜುಲೈಯಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟರು ಎಂಬುದು ಎಚ್ಚರ ತಪ್ಪಿದ್ದಕ್ಕೆ ಸಾಕಷ್ಟು ಸಮರ್ಥನೆ ಆಗಲಿಲ್ಲ. ಕೋಚ್ ಕೆಲಸ ಕಳೆದುಕೊಂಡರು, ಓಟಗಾರ್ತಿಯರು ಲಂಡನ್ ಒಲಿಂಪಿಕ್ಸ್‌ನ ದಾರಿಯನ್ನೇ ಕಳೆದುಕೊಂಡರು.

ಇದು ಕಲಬೆರಕೆಯ ಮಾತಾಯಿತು. ಕಲಬೆರಕೆಯೇ ಇಲ್ಲದ, ಶುದ್ಧವಾಗಿ ತಯಾರಿಸಿದ ನಮ್ಮ ಮದ್ದುಗಳಲ್ಲೂ ಎಚ್ಚರ ಬೇಕಾದವು ಇವೆ. ನರದೌರ್ಬಲ್ಯಕ್ಕೆ, ಸಂಧಿನೋವಿಗೆ ಕೊಡುವ ಹಬ್ಬೆ ಅಜರಾಕಿಯಲ್ಲಿ ಶುದ್ಧೀಕರಿಸಿದ ಕಾಸರಕದ ಬೀಜ ಇರುತ್ತದೆ. ಆ ಬೀಜದಲ್ಲಿರುವ ಸ್ಟ್ರಿಕ್ನಿನ್ ವಾಡಾ ಪಟ್ಟಿಯಲ್ಲಿ ಉತ್ತೇಜಕಗಳ ಸಾಲಿನಲ್ಲಿದೆ. ಬರ್‌ಶಾಶಾದಲ್ಲಿ ಅಫೀಮು ಇದೆ, ಅಫೀಮಿನಲ್ಲಿರುವ ಮಾರ್ಫಿನ್ ಸ್ಪರ್ಧೆಯ ವೇಳೆ ನಿಷಿದ್ಧ. ಭಂಗಿ ಸೇರಿದ ಮದ್ದುಗಳದೂ ಅದೇ ಕತೆ. ಉಬ್ಬಸಕ್ಕೆ ಬಳಸುವ ಎಫೆಡ್ರಾ ಗಿಡದಲ್ಲಿ ಎಫೆಡ್ರಿನ್ ಇದೆ, ಸ್ಪರ್ಧೆಯ ಮಾದರಿಯಲ್ಲಿ ಅದು ನಿಗದಿತ ಮಿತಿ ಮೀರಬಾರದು. ಇವೆಲ್ಲ ರೋಗಿಗೆ ಉಪಕಾರಿಯಾದ ಔಷಧಿಗಳೇ. ಆದರೆ ಆಟಗಾರನಿಗೆ ಅವೇ ಕಂಟಕವಾಗಬಹುದು. "ಸ್ಪರ್ಧೆಯ ವೇಳೆ ಮಾತ್ರ ನಿಷಿದ್ಧ" ಎಂದು ಓದಿ ಸಮಾಧಾನಪಡಬೇಡಿ. ಮೂರು ದಿನ ಮೊದಲು ನುಂಗಿದ ಮಾತ್ರೆಯ ಅಂಶ ಪಂದ್ಯದ ದಿನದ ಮೂತ್ರದಲ್ಲಿ ಉಳಿದಿದ್ದರೂ ಲೆಕ್ಕಕ್ಕೆ ಬರುತ್ತದೆ.

ಇನ್ನು ತೂಕ ಹೆಚ್ಚಿಸುವ, ಮೈಕಟ್ಟು ಕೊಡುವ ಹೆಸರಿಲ್ಲದ ಪುಡಿಗಳ ವಿಷಯ. ಒಂದು ತಿಂಗಳಲ್ಲಿ ತೋಳು ಉಬ್ಬಿಸುವ ಬೇರು ನಮ್ಮ ಯಾವ ಗ್ರಂಥದಲ್ಲೂ ಇಲ್ಲ. ಅಂಥ ಪುಡಿ ಅಷ್ಟು ಬೇಗ ಕೆಲಸ ಮಾಡಿತೆಂದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದೆಂದು ಅನುಮಾನಿಸಿ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇಂಥ ಸ್ಟೆರಾಯ್ಡ್ ಎಲುಬಿನ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಬಹುದು. ಯಕೃತ್ತಿಗೆ ಹಾನಿ ಮಾಡುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುತ್ತದೆ, ಸ್ವರ ಗಡಸಾಗುತ್ತದೆ. ಹಾಗೆ ಗಡಸಾದ ಸ್ವರ ಮೊದಲಿನಂತಾಗದೆ ಉಳಿಯಬಹುದು. ನಿಷೇಧ ಎರಡು ಅಥವಾ ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಈ ಹಾನಿ ಹಾಗೆ ಮುಗಿಯುವುದಿಲ್ಲ.

ತಂದೆ ತಾಯಿಯೂ ಹೊಣೆಗಾರರು

ಹೆಚ್ಚಿನವರಿಗೆ ತಿಳಿಯದ ಒಂದು ವಿಷಯವಿದೆ. ವಾಡಾ ನಿಯಮಾವಳಿಯ ಪ್ರಕಾರ ಆಟಗಾರನ "ಸಹಾಯಕ ಸಿಬ್ಬಂದಿ" ಎಂದರೆ ಕೋಚ್, ವೈದ್ಯ, ಫಿಸಿಯೋ ಮಾತ್ರವಲ್ಲ, ಹೆತ್ತವರೂ ಅದರಲ್ಲಿ ಸೇರುತ್ತಾರೆ. ಆಟಗಾರನಿಗೆ ನಿಷೇಧಿತ ವಸ್ತುವನ್ನು ಕೊಡುವುದು ಸ್ವತಂತ್ರವಾದ ಉಲ್ಲಂಘನೆ. ಅದಕ್ಕೆ ನಾಲ್ಕು ವರ್ಷದಿಂದ ಆಜೀವ ನಿಷೇಧದ ತನಕ ಶಿಕ್ಷೆಯಿದೆ. ಮಕ್ಕಳು 16 ವರ್ಷದೊಳಗಿನವರಾದರೆ ಅವರ ಶಿಕ್ಷೆಯಲ್ಲಿ ರಿಯಾಯಿತಿಗೆ ಅವಕಾಶವಿದೆ, ಆದರೆ ಅಂಥ ಮಕ್ಕಳಿಗೆ ಮದ್ದು ಕೊಟ್ಟ ದೊಡ್ಡವರ ಮೇಲಿನ ಕ್ರಮ ಇನ್ನೂ ಕಠಿಣ. ಮಗುವಿನ ದೇಹ ನಮ್ಮ ಕೈಗೆ ಕೊಟ್ಟ ಅಮಾನತ್. ಪದಕದ ಆಸೆಗೆ ಅದರಲ್ಲಿ ಪ್ರಯೋಗ ಮಾಡುವ ಅಧಿಕಾರ ಕೋಚ್‌ಗೂ ಇಲ್ಲ, ನಮಗೂ ಇಲ್ಲ.

ಕಾಯಿಲೆಯಿದ್ದರೆ ಆಡುವಂತಿಲ್ಲವೇ?

ಖಂಡಿತ ಆಡಬಹುದು. ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ಬೇಕೇ ಬೇಕು, ಆದರೆ ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ. ಇಂಥವರಿಗಾಗಿ ಚಿಕಿತ್ಸಾ ವಿನಾಯಿತಿ ಎಂಬ ವ್ಯವಸ್ಥೆಯಿದೆ. ವೈದ್ಯರ ವರದಿ, ಪರೀಕ್ಷೆಯ ಫಲಿತಾಂಶಗಳೊಂದಿಗೆ ಮುಂಚಿತವಾಗಿ ಅರ್ಜಿ ಹಾಕಬೇಕು. ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಇನ್‌ಹೇಲರ್‌ಗೆ 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೋಗ್ರಾಂ ಮಿತಿಯೊಳಗೆ ಅನುಮತಿಯಿದೆ. ಆದ್ದರಿಂದ ಹೆದರಿ ಮಗುವಿನ ಮದ್ದನ್ನು ನಿಲ್ಲಿಸಬೇಡಿ. ನಿಲ್ಲಿಸುವುದೂ ಬದಲಿಸುವುದೂ ವೈದ್ಯರನ್ನು ಕೇಳಿಯೇ ಆಗಬೇಕು.

ಪರೀಕ್ಷೆಗೆ ಕರೆದಾಗ

ಹೆಣ್ಣುಮಕ್ಕಳ ಹೆತ್ತವರಿಗೆ ಇದು ಮುಜುಗರದ ವಿಷಯವೆಂದು ಬಲ್ಲೆ. ಮೂತ್ರದ ಮಾದರಿಯನ್ನು ಸಾಕ್ಷಿಯ ಕಣ್ಣೆದುರೇ ಕೊಡಬೇಕು. ಆದರೆ ಹುಡುಗಿಯ ಸಾಕ್ಷಿಯಾಗಿ ಮಹಿಳೆಯೇ ಇರಬೇಕೆಂಬುದು ನಿಯಮ. ಅಪ್ರಾಪ್ತರು ತಮ್ಮವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ನೀವೇ ಹೋಗಿ. ಮುಜುಗರಕ್ಕೆ ಹೆದರಿ ಪರೀಕ್ಷೆ ತಪ್ಪಿಸಬೇಡಿ, ಸಕಾರಣವಿಲ್ಲದೆ ನಿರಾಕರಿಸಿದರೆ ಅದಕ್ಕೇ ನಾಲ್ಕು ವರ್ಷದ ತನಕ ನಿಷೇಧವಿದೆ. ರಂಝಾನಿನಲ್ಲಿ ಕರೆ ಬಂದರೂ ಗಾಬರಿ ಬೇಡ. ಮೂತ್ರ ಕೊಡುವುದರಿಂದ ಉಪವಾಸ ಮುರಿಯುವುದಿಲ್ಲ. ತಕ್ಷಣ ಬಾರದಿದ್ದರೆ ನೀರು ಕುಡಿಯಲೇಬೇಕೆಂದಿಲ್ಲ, ಅಧಿಕಾರಿಯ ನಿಗಾದಲ್ಲಿ ಕಾಯಬಹುದು.

ಅಲ್ಲಿ ತುಂಬಬೇಕಾದ ಫಾರಂನಲ್ಲಿ ಹಿಂದಿನ ಏಳು ದಿನಗಳಲ್ಲಿ ಸೇವಿಸಿದ ಎಲ್ಲ ಮದ್ದು, ಪುಡಿ, ಲೇಹ್ಯಗಳ ಹೆಸರು ಬರೆಸಿ. ಮಾದರಿಯನ್ನು ಎ ಮತ್ತು ಬಿ ಎಂದು ಎರಡು ಬಾಟಲಿಗಳಲ್ಲಿ ಮೊಹರು ಮಾಡುತ್ತಾರೆ. ಎ ಬಾಟಲಿಯ ಫಲಿತಾಂಶ ಒಪ್ಪದಿದ್ದರೆ ಬಿ ಬಾಟಲಿಯ ಪರೀಕ್ಷೆ ಕೇಳುವುದು ಆಟಗಾರನ ಹಕ್ಕು. ವಿಚಾರಣೆ, ಮೇಲ್ಮನವಿ ಎರಡಕ್ಕೂ ಅವಕಾಶವಿದೆ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಮಾತು

• ವೈದ್ಯರ ಬಳಿ ಹೋದಾಗ ಮೊದಲ ಮಾತೇ "ಇವನು ಸ್ಪರ್ಧೆಯಲ್ಲಿ ಆಡುತ್ತಾನೆ" ಎಂದಿರಲಿ. ಅಲೋಪತಿ, ಆಯುರ್ವೇದ, ಯುನಾನಿ, ಯಾರ ಬಳಿಯಾದರೂ ಸರಿ.

• ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೆಮ್ಮು, ಶೀತದ ಮದ್ದು ತರಬೇಡಿ. ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಿ.

• ಗಿಡಮೂಲಿಕೆ ಔಷಧಿಯಾದರೆ ಅದರಲ್ಲಿ ಏನೇನಿದೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಹೇಳಲು ಹಿಂಜರಿಯುವವರ ಮದ್ದು ಬೇಡವೇ ಬೇಡ.

• ಸಪ್ಲಿಮೆಂಟ್ ಅನಿವಾರ್ಯವಾದರೆ ಬಿಲ್ ಮತ್ತು ಬ್ಯಾಚ್ ಸಂಖ್ಯೆ ತೆಗೆದಿಡಿ. ಅದೇ ಬ್ಯಾಚಿನ ಮೊಹರು ಒಡೆಯದ ಒಂದು ಡಬ್ಬಿ ಇರಲಿ. ವಸ್ತು ದೇಹಕ್ಕೆ ಎಲ್ಲಿಂದ ಬಂತು ಎಂದು ಸಾಬೀತುಪಡಿಸುವ ಭಾರ ಆಟಗಾರನ ಮೇಲೆಯೇ ಇದೆ.

• ಡಬ್ಬಿಯ ಮೇಲಿನ ಆಹಾರ ಪರವಾನಗಿ ಸಂಖ್ಯೆಯನ್ನು ಉದ್ದೀಪನ ಮದ್ದು ಇಲ್ಲ ಎಂಬುದಕ್ಕೆ ಖಾತರಿಯೆಂದು ತಿಳಿಯಬೇಡಿ.

• ಕೋಚ್ ಕೊಟ್ಟದ್ದನ್ನೂ ಗೆಳೆಯ ಕೊಟ್ಟದ್ದನ್ನೂ ಮನೆಗೆ ತಂದು ತೋರಿಸುವಂತೆ ಮಕ್ಕಳಿಗೆ ಹೇಳಿ. ತಂದಾಗ ಗದರಬೇಡಿ.

ಯುನಾನಿಯಲ್ಲಿ ಇಲಾಜ್ ಬಿಲ್ ಗಿಝಾ, ಅಂದರೆ ಆಹಾರದಿಂದಲೇ ಚಿಕಿತ್ಸೆ ಎಂಬ ಒಂದು ಕ್ರಮವಿದೆ. ಬೆಳೆಯುವ ಆಟಗಾರನಿಗೆ ಮೊಟ್ಟೆ, ಮೀನು, ಹಾಲು, ಕಡಲೆ, ರಾಗಿ, ಖರ್ಜೂರ, ಹಣ್ಣು ಮತ್ತು ರಾತ್ರಿಯ ಸರಿಯಾದ ನಿದ್ರೆ ಸಿಕ್ಕರೆ ಬಹಳಷ್ಟು ಮಕ್ಕಳಿಗೆ ಬೇರಾವ ಡಬ್ಬಿಯ ಅಗತ್ಯವೂ ಬರುವುದಿಲ್ಲ. ಇವತ್ತು ಒಂದು ಕೆಲಸ ಮಾಡಿ. ಮನೆಯ ಮದ್ದಿನ ಡಬ್ಬ ತೆರೆದು ಲೇಬಲ್ ಹರಿದ ಬಾಟಲಿ, ಹೆಸರಿಲ್ಲದ ಪುಡಿ, ಕಳೆದ ವರ್ಷ ಉಳಿದ ಸಿರಪ್ ಇದ್ದರೆ ಎಲ್ಲವನ್ನೂ ತೆಗೆದುಹಾಕಿ. ಉಳಿದವುಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದು, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಜೊತೆಗೆ ಕೊಂಡೊಯ್ಯಿರಿ.